ಹಣೆ ಹಿಂದಿನ ಮೆದುಳಿಗೆ ಪೆಟ್ಟು: ಕೈಕಾಲು ಸರಿ, ಮಾತು ಸರಿ, ಮನುಷ್ಯ ಮಾತ್ರ ಬೇರೆ. ಮನೆಯವರಿಗೆ ಏನಂತ ಹೇಳೋದು?

ಅಮಾನಿಕೆರೆ (ತುಮಕೂರು)
ತಲೆಗೆ ಪೆಟ್ಟಾಗಿ ಆಸ್ಪತ್ರೆಯಿಂದ ಮನೆಗೆ ಬಂದವರ ಕುಟುಂಬಗಳಿಗೆ ಕೊಡೋದಕ್ಕೆ ಎರಡು ಪುಟದ ಕರಪತ್ರ ಸಿದ್ಧವಾಗ್ತಿದೆ. ಕೈಕಾಲು ಸ್ವಾಧೀನ, ಗಾಯದ ಆರೈಕೆ, ಫಿಟ್ಸ್ ಬಗ್ಗೆ ಬರೆದದ್ದಾಯ್ತು. ಒಂದು ಕಡೆ ಮಾತ್ರ ಸಿಕ್ಕಿಹಾಕಿಕೊಂಡಿದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಬೈಫ್ರಂಟಲ್ ಕಂಟ್ಯೂಷನ್’ (ಹಣೆ ಹಿಂದಿನ ಮೆದುಳು ಎರಡೂ ಬದಿ ಜಜ್ಜಿದೆ) ಅಂತಿರುತ್ತೆ. ರೋಗಿ ನಡೀತಾರೆ, ಮಾತಾಡ್ತಾರೆ, ಊರು, ತಿಂಗಳು, ವಾರ ಎಲ್ಲ ಸರಿಯಾಗಿ ಹೇಳ್ತಾರೆ. ಎಂಎಂಎಸ್‌ಇಯಲ್ಲಿ 30ಕ್ಕೆ 28 ಬರುತ್ತೆ (ದಿನಾಂಕ, ನೆನಪು, ಭಾಷೆ ನೋಡೋ ಚಿಕ್ಕ ಪರೀಕ್ಷೆ ಅದು). ‘ಚೇತರಿಕೆ ಚೆನ್ನಾಗಿದೆ’ ಅಂತ ಬರೆದು ಕಳಿಸ್ತಾರೆ. ಮನೆಯವರು ಮಾತ್ರ ‘ಇವರು ಮೊದಲಿನ ಮನುಷ್ಯ ಅಲ್ಲ’ ಅಂತಾರೆ. ಒಬ್ಬರಿಗೆ ಮೂಗಿನ ತುದೀಲಿ ಸಿಟ್ಟು, ಇನ್ನೊಬ್ಬರು ಕಂಡಕಂಡಲ್ಲಿ ಸಾಲ ಮಾಡ್ತಾರೆ, ಮತ್ತೊಬ್ಬರು ಬೆಳಗಿಂದ ಸಂಜೆವರೆಗೆ ಜಗಲಿ ಮೇಲೆ ಸುಮ್ಮನೆ ಕೂತಿರ್ತಾರೆ. ಊರವರು ಕೊಬ್ಬು ಅಂತಲೋ ಗಾಳಿ ಸೋಕಿದೆ ಅಂತಲೋ ತೀರ್ಮಾನ ಮಾಡಿಬಿಟ್ಟಿರ್ತಾರೆ.

ಪ್ರೀಫ್ರಂಟಲ್ ಕಾರ್ಟೆಕ್ಸ್, ಅಂದ್ರೆ ಈ ಹಣೆ ಹಿಂದಿನ ಮೆದುಳು, ಏನು ಮಾಡುತ್ತೆ, ಕೆಟ್ಟರೆ ಏನಾಗುತ್ತೆ, ಮನೇಲಿ ಏನು ಮಾಡಬಹುದು? ವಿಷಯ ಬಲ್ಲವರು ವಿವರವಾಗಿ ಬರೀರಿ.

ಅಂತರಗಂಗೆ (ಕೋಲಾರ)
ಮೊದಲು ಒಂದು ವಿಷಯ. ಅದನ್ನ ಒಂದೇ ಅಂಗ ಅನ್ನೋ ಹಾಗೆ ಬರೀಬೇಡಿ. ಮೂರು ಭಾಗ, ಮೂರು ಥರದ ತೊಂದರೆ.

ಹಣೆಯ ಮೇಲ್ಭಾಗ, ಹೊರಬದಿ: ಡಾರ್ಸೊಲ್ಯಾಟರಲ್. ಕೆಲಸದ ಕ್ರಮ ಹಾಕೋದು, ಎರಡು ಮೂರು ವಿಷಯ ಒಟ್ಟಿಗೆ ಮನಸ್ಸಲ್ಲಿ ಹಿಡಿದಿಟ್ಟುಕೊಳ್ಳೋದು, ಸಂದರ್ಭ ಬದಲಾದಾಗ ಹಳೇ ದಾರಿ ಬಿಟ್ಟು ಹೊಸದು ಹಿಡಿಯೋದು ಇದರ ಕೆಲಸ. ಇದು ಕೆಟ್ಟರೆ ಹಿಡಿದದ್ದನ್ನೇ ಹಿಡಿದುಕೊಂಡಿರ್ತಾರೆ. ಬ್ರೆಂಡಾ ಮಿಲ್ನರ್ 1963ರಲ್ಲಿ ವಿಸ್ಕಾನ್ಸಿನ್ ಕಾರ್ಡ್ ಪರೀಕ್ಷೆಯಿಂದ ತೋರಿಸಿದ್ದು ಇದನ್ನೇ. ಕಾರ್ಡುಗಳನ್ನ ಬಣ್ಣದ ಪ್ರಕಾರ ಜೋಡಿಸುತ್ತಾ ಹೋಗ್ತಾರೆ, ಸತತ 10 ಸರಿಯಾದ ಮೇಲೆ ಪರೀಕ್ಷಕರು ಹೇಳದೆ ನಿಯಮ ಬದಲಾಯಿಸ್ತಾರೆ. ‘ತಪ್ಪು, ತಪ್ಪು’ ಅಂತ ಎಷ್ಟು ಹೇಳಿದ್ರೂ ರೋಗಿ ಬಣ್ಣಕ್ಕೇ ಜೋಡಿಸ್ತಿರ್ತಾರೆ.

ಕಣ್ಣಿನ ಗೂಡಿನ ಮೇಲ್ಗಡೆ: ಆರ್ಬಿಟೋಫ್ರಂಟಲ್. ತಡೆ ಹಾಕೋದು, ಯಾವುದಕ್ಕೆ ಎಷ್ಟು ಬೆಲೆ ಅಂತ ತೂಗೋದು ಇಲ್ಲಿ. ಇದು ಕೆಟ್ಟರೆ ಮನಸ್ಸಿಗೆ ಬಂದದ್ದು ಬಾಯಿಗೆ ಬರುತ್ತೆ, ಹಿರಿಯರ ಮುಂದೆ ಅಸಭ್ಯ ಮಾತು, ಕಂಡದ್ದೆಲ್ಲ ಕೊಳ್ಳೋದು, ಕ್ಷಣದಲ್ಲಿ ಸಿಟ್ಟು, ಐದು ನಿಮಿಷಕ್ಕೆ ಏನೂ ಆಗದ ಹಾಗೆ ಇರೋದು.

ಎರಡೂ ಅರೆಗೋಳಗಳ ನಡುವೆ, ಒಳಮುಖ: ಮೀಡಿಯಲ್ ಭಾಗ, ಆಂಟೀರಿಯರ್ ಸಿಂಗುಲೇಟ್ ಸೇರಿ. ಕೆಲಸ ಶುರು ಮಾಡುವ ಒತ್ತಡ ಇಲ್ಲಿಂದ ಬರುತ್ತೆ. ಇದು ಕೆಟ್ಟವರೇ ನಿಮ್ಮ ಜಗಲಿ ಮೇಲಿನವರು. ವಿಪರೀತಕ್ಕೆ ಹೋದರೆ ಎಚ್ಚರ ಇದ್ದೂ ಮಾತಿಲ್ಲ, ಚಲನೆಯಿಲ್ಲ.

ಪೆಟ್ಟು ಗೆರೆ ಎಳೆದಂತೆ ಒಂದೇ ಭಾಗಕ್ಕೆ ಬೀಳೋದಿಲ್ಲ. ಹಾಗಾಗಿ ಒಬ್ಬರಲ್ಲೇ ಮೂರೂ ಬೆರೆತಿರುತ್ತೆ. ಬೆಳಗ್ಗೆ ಎಬ್ಬಿಸಿದರೂ ಏಳದವರು ಸಂಜೆ ಕೆಣಕಿದರೆ ಹೊಡೆಯೋಕೆ ಬರಬಹುದು.

ಸಿರಾ ಹೈವೇ
ಒಂದು ಅನುಮಾನ. ಬೈಕಿಂದ ಬಿದ್ದಾಗ ಏಟು ತಲೆ ಹಿಂಭಾಗಕ್ಕೆ ಆಗಿರುತ್ತೆ, ಹೊಲಿಗೆನೂ ಹಿಂದೆನೇ. ಸ್ಕ್ಯಾನ್‌ನಲ್ಲಿ ಜಜ್ಜಿರೋದು ಮಾತ್ರ ಮುಂದೆ. ರಿಪೋರ್ಟ್ ಅದಲುಬದಲಾಗಿದೆ ಅಂತ ಜಗಳ ಆಡಿದವರೂ ಇದ್ದಾರೆ.

ತಿಪಟೂರು ತೆಂಗು
ರಿಪೋರ್ಟ್ ಸರಿಯಾಗೇ ಇರುತ್ತೆ. ಹಿಂದಕ್ಕೆ ಬಿದ್ದಾಗ ಬುರುಡೆ ನೆಲಕ್ಕೆ ತಾಗಿ ಒಮ್ಮೆಲೇ ನಿಲ್ಲುತ್ತೆ, ಮೆದುಳು ಒಳಗೆ ಜಾರಿ ಎದುರು ಬದಿಗೆ ಪೆಟ್ಟು ತಿನ್ನುತ್ತೆ. ಬುರುಡೆಯ ಹಿಂಭಾಗದ ಒಳಮೈ ನುಣುಪು. ಮುಂಭಾಗದಲ್ಲಿ, ಕಣ್ಣಿನ ಗೂಡಿನ ಚಾವಣಿಯಾಗಿರೋ ಮೂಳೆ, ಏರುತಗ್ಗಿನ ಒರಟು. ಮೆದುಳಿನ ತಳ ಅದರ ಮೇಲೆ ಉಜ್ಜಿ ಜಜ್ಜುತ್ತೆ. ಕಿವಿ ಬದಿಯ ಮೆದುಳಿನ (ಟೆಂಪೊರಲ್ ಲೋಬಿನ) ತುದಿಗೂ ಇದೇ ಗತಿ. ತೆಂಗಿನ ಮರದಿಂದ ಬಿದ್ದವರಲ್ಲೂ ಕಾರಣ ಇದೇ.

ಕರಪತ್ರಕ್ಕೆ ಇನ್ನೊಂದು ಸೇರಿಸಿ: ವಾಸನೆ. ಮೂಗಿನ ಮೇಲೆ ಜರಡಿಯಂಥ ತೆಳು ಮೂಳೆ ಇದೆ, ವಾಸನೆ ನರದ ಎಳೆಗಳು ಅದರ ತೂತುಗಳಿಂದ ಹಾದುಬರುತ್ತವೆ. ಮೆದುಳು ಜಾರಿದಾಗ ಅವು ಕಿತ್ತುಹೋಗ್ತವೆ. ಅವು ಹಾದುಹೋಗೋದು ಆರ್ಬಿಟೋಫ್ರಂಟಲ್ ಭಾಗದ ಕೆಳಗೇ ಆದ್ದರಿಂದ ವಾಸನೆ ಹೋಗಿದ್ದರೆ ಆ ಭಾಗಕ್ಕೂ ಪೆಟ್ಟಾಗಿರಬಹುದು ಅನ್ನೋ ಸುಳಿವು. ಕಣ್ಣು ಮುಚ್ಚಿಸಿ, ಒಂದು ಹೊಳ್ಳೆ ಒತ್ತಿ ಹಿಡಿದು ಕಾಫಿಪುಡಿ, ಸೋಪು ಒಂದೊಂದಾಗಿ ಹಿಡಿದು ನೋಡಿ. ಆಮೇಲೆ ಇನ್ನೊಂದು ಹೊಳ್ಳೆ. ವಿಕ್ಸ್, ಅಮೃತಾಂಜನ ಬೇಡ. ಅವುಗಳ ಉರಿ ಬೇರೆ ನರದಿಂದ ಗೊತ್ತಾಗುತ್ತೆ, ವಾಸನೆ ಇಲ್ಲದವರೂ ‘ಹೂಂ’ ಅಂತಾರೆ. ವಾಸನೆ ಇಲ್ಲದವರ ಮನೇಲಿ ಗ್ಯಾಸ್ ಸೋರಿದರೆ ಅವರಿಗೆ ತಿಳಿಯೋದಿಲ್ಲ. ರಾತ್ರಿ ರೆಗ್ಯುಲೇಟರ್ ಆಫ್ ಮಾಡೋ ಹೊಣೆ ಬೇರೆಯವರಿಗೆ ಕೊಡಿ.

ಮಧುಗಿರಿ ಏಕಶಿಲೆ
ಫಿನಿಯಸ್ ಗೇಜ್ ಕಥೆ ಹಾಕಿ ಸಾರ್. 1848ರ ಸೆಪ್ಟೆಂಬರ್ 13, ಅಮೆರಿಕದ ವರ್ಮಾಂಟ್‌ನ ಕ್ಯಾವೆಂಡಿಶ್. ರೈಲ್ವೆ ಬಂಡೆ ಸಿಡಿಸುವಾಗ 6 ಕೆಜಿ ತೂಕದ, ಒಂದು ಮೀಟರ್‌ಗಿಂತ ಉದ್ದದ ಕಬ್ಬಿಣದ ಸರಳು ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಬದುಕಿದ, ಆದರೆ ಕೊನೆಯವರೆಗೂ ಕುಡುಕ, ಪುಂಡ ಆಗಿಯೇ ಉಳಿದ. ಜನಕ್ಕೆ ತಕ್ಷಣ ತಲೆಗೆ ಹೋಗುತ್ತೆ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)
ಸರಳಿನ ವಿವರ ಸರಿ, ಕೊನೆ ಭಾಗ ತಪ್ಪು. ಅವನಿಗೆ ಚಿಕಿತ್ಸೆ ಕೊಟ್ಟ ಡಾ. ಜಾನ್ ಹಾರ್ಲೊ 1868ರ ವರದಿಯಲ್ಲಿ ಅವನು ಚಂಚಲ, ಒರಟು, ‘ಗೇಜ್ ಈಗ ಗೇಜ್ ಅಲ್ಲ’ ಅಂತ ಪರಿಚಯದವರು ಹೇಳ್ತಿದ್ರು ಅಂತ ಬರೆದದ್ದು ನಿಜ. ಕುಡುಕ, ಪುಂಡ ಅನ್ನೋದೆಲ್ಲ ಆಮೇಲೆ ಸೇರಿಕೊಂಡದ್ದು. ಗೇಜ್ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ. ಬೆಳಗಿನ ಜಾವ ಎದ್ದು ಕುದುರೆಗೆ ಮೇವು ಹಾಕಬೇಕು, ಕಟ್ಟಬೇಕು, ಪ್ರಯಾಣಿಕರನ್ನ ಹತ್ತಿಸಿ ಕೆಟ್ಟ ರಸ್ತೇಲಿ ಹೊತ್ತಿಗೆ ಸರಿಯಾಗಿ ತಲುಪಿಸಬೇಕು. ದಿನವೂ ಅದೇ ಕ್ರಮ. 1860ರಲ್ಲಿ ಫಿಟ್ಸ್ ಬಂದು ತೀರಿಕೊಂಡ.

ಕರಪತ್ರಕ್ಕೆ ಬೇಕಾದದ್ದು ಆ ಗಾಡಿ ಓಡಿಸಿದ ವರ್ಷಗಳು. ದಿನದ ಚೌಕಟ್ಟನ್ನ ಕೆಲಸವೇ ಕಟ್ಟಿಕೊಟ್ಟರೆ ಇಂಥವರು ದುಡೀಬಲ್ಲರು. ‘ಇನ್ನು ಇವನ ಕಥೆ ಮುಗೀತು’ ಅನ್ನೋ ರೀತಿ ಹೇಳಿದರೆ ಮನೆಯವರು ಕೈಚೆಲ್ಲಿ ಕೂರ್ತಾರೆ.

ಮಧುಗಿರಿ ಏಕಶಿಲೆ
ಒಪ್ಪಿದೆ. ಚಿಲಿಯ ವಿಷಯವನ್ನೇ ಹಾಕಲಿ.

ಸಿದ್ದರಬೆಟ್ಟ
ಗೇಜ್ ಬಂದಮೇಲೆ ಲೊಬಾಟಮಿ, ಅಂದ್ರೆ ಮಾನಸಿಕ ರೋಗಕ್ಕೆ ಅಂತ ಈ ಭಾಗದ ನರದ ಎಳೆಗಳನ್ನ ಕತ್ತರಿಸೋ ಶಸ್ತ್ರಚಿಕಿತ್ಸೆ, ಬರಲೇಬೇಕು. ಪೋರ್ಚುಗಲ್‌ನ ಎಗಾಸ್ ಮೊನಿಜ್ 1935ರಲ್ಲಿ ಶುರು ಮಾಡಿದರು, 1949ರಲ್ಲಿ ನೊಬೆಲ್ ಕೂಡ ಬಂತು. ನಮ್ಮ ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲೂ ಡಾ. ಎಂ.ವಿ. ಗೋವಿಂದಸ್ವಾಮಿ ಅವರ ಕಾಲದಲ್ಲಿ, 1940ರ ದಶಕದಲ್ಲಿ ಈ ಶಸ್ತ್ರಚಿಕಿತ್ಸೆ ನಡೆದಿತ್ತು. ರೋಗಿಗಳು ಶಾಂತರಾದರು ಅಂತ ಬರೆದುಕೊಂಡದ್ದರಲ್ಲಿ ಎಷ್ಟೋ ಪಾಲು ಅಂತರಗಂಗೆ ಅವರು ಹೇಳಿದ ಮೂರನೇ ಥರ, ಉತ್ಸಾಹವೇ ಬತ್ತಿಹೋದದ್ದು. ಗಲಾಟೆ ಇಲ್ಲದವರೆಲ್ಲ ಗುಣವಾದವರಲ್ಲ. ಇವತ್ತಿಗೂ ವಾರ್ಡಿನಲ್ಲಿ ಸುಮ್ಮನೆ ಮಲಗಿರೋ ರೋಗೀನ ‘ಒಳ್ಳೇ ರೋಗಿ’ ಅಂತಾರಲ್ಲ, ಅದು ಬಿಡಬೇಕು.

ಅಂತರಗಂಗೆ (ಕೋಲಾರ)
ವಿಷಯಕ್ಕೆ ಬರೋಣ. 28 ಬಂತು ಅಂದ್ರಲ್ಲ, ಎಂಎಂಎಸ್‌ಇ ಈ ಭಾಗವನ್ನ ಹೆಚ್ಚುಕಮ್ಮಿ ಮುಟ್ಟೋದೇ ಇಲ್ಲ. ದಿನಾಂಕ, ಜಾಗ, ಮೂರು ಪದದ ನೆನಪು, ಭಾಷೆ. ಅವೆಲ್ಲ ಬೇರೆ ಭಾಗಗಳ ಕೆಲಸ. ಹಾಸಿಗೆ ಪಕ್ಕ ಹತ್ತು ನಿಮಿಷದಲ್ಲಿ ಮಾಡೋದಕ್ಕೆ ಫ್ರಂಟಲ್ ಅಸೆಸ್‌ಮೆಂಟ್ ಬ್ಯಾಟರಿ ಇದೆ. ಆರು ಭಾಗ, ತಲಾ 3, ಒಟ್ಟು 18 ಅಂಕ. ಮುಖ್ಯವಾದ ಮೂರು ಹೇಳ್ತೀನಿ.

ಮುಷ್ಟಿ, ಅಂಚು, ಅಂಗೈ: ಮೇಜಿನ ಮೇಲೆ ಮುಷ್ಟಿ ಕುಟ್ಟಿ, ಆಮೇಲೆ ಕೈಯ ಅಂಚು, ಆಮೇಲೆ ಅಂಗೈ. ನೀವು ಮೂರು ಸಲ ತೋರಿಸಿ, ಮೂರು ಸಲ ಜೊತೆಗೆ ಮಾಡಿಸಿ, ಆಮೇಲೆ ಒಬ್ಬರೇ ಮಾಡಲಿ. ಒಬ್ಬರೇ ಸತತ ಆರು ಸಲ ಸರಿ ಮಾಡಿದರೆ 3, ಮೂರು ಸಲ ಆದರೆ 2. ನಿಮ್ಮ ಜೊತೆ ಮಾತ್ರ ಮೂರು ಸಲ ಆದರೆ 1. ಬಾಯಲ್ಲಿ ‘ಮುಷ್ಟಿ, ಅಂಚು, ಅಂಗೈ’ ಅಂತ ಹೇಳಿಕೊಡಬೇಡಿ. ಹೇಳಿಕೊಟ್ಟರೆ ಕ್ರಮ ಹಾಕೋ ಕೆಲಸ ನೀವು ಮಾಡಿದ ಹಾಗಾಯ್ತು.

ತಡೆ: ನಾನು ಒಂದು ಸಲ ತಟ್ಟಿದರೆ ನೀವೂ ಒಂದು ಸಲ ತಟ್ಟಿ, ಎರಡು ಸಲ ತಟ್ಟಿದರೆ ತಟ್ಟಬೇಡಿ. ತಪ್ಪಿಲ್ಲದಿದ್ದರೆ 3, ಒಂದೆರಡು ತಪ್ಪಿದರೆ 2, ಅದಕ್ಕಿಂತ ಹೆಚ್ಚಾದರೆ 1, ನಾಲ್ಕು ಸಲ ಸತತ ನಿಮ್ಮನ್ನೇ ಅನುಕರಿಸಿದರೆ ಸೊನ್ನೆ. ಇಲ್ಲಿ ಗಮನಿಸಬೇಕಾದ್ದು ಅಂಕ ಅಲ್ಲ. ನಿಯಮ ಏನು ಅಂತ ಕೇಳಿದರೆ ರೋಗಿ ಸರಿಯಾಗಿ ಹೇಳ್ತಾರೆ, ಹೇಳುತ್ತಲೇ ಕೈ ತಟ್ಟಿಬಿಟ್ಟಿರುತ್ತೆ.

ಪದ ಹೇಳೋದು: ಒಂದು ನಿಮಿಷದಲ್ಲಿ ಒಂದು ಅಕ್ಷರದಿಂದ ಶುರುವಾಗೋ ಪದಗಳು, ಊರು, ಜನರ ಹೆಸರು ಬಿಟ್ಟು. ಹತ್ತು ಅಥವಾ ಹೆಚ್ಚು ಬಂದರೆ 3. ನಮ್ಮಲ್ಲಿ ಕ, ಪ, ಮ ಬಳಸ್ತಾರೆ.

ಮುಳಬಾಗಿಲು ಗಡಿ
ತಡೀರಿ ಮೇಡಂ. ಕ, ಪ, ಮ ಓದು ಬರಹ ಕಲಿತವರಿಗೆ. ಶಾಲೆ ಮೆಟ್ಟಿಲು ಹತ್ತದವರಿಗೆ ಪದವನ್ನ ಅಕ್ಷರದಿಂದ ಹುಡುಕೋ ರೂಢಿಯೇ ಇರೋದಿಲ್ಲ, ಮೆದುಳು ಚೆನ್ನಾಗಿದ್ದರೂ ನಾಲ್ಕೈದಕ್ಕೆ ನಿಲ್ಲಿಸ್ತಾರೆ. ಅವರಿಗೆ ಪ್ರಾಣಿಗಳ ಹೆಸರು ಕೇಳಿ. ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು. ಕನ್ನಡದಲ್ಲೇ ಹೇಳಿ ಅಂತ ಕೂರಿಸಿದರೆ ನೀವು ಅಳೆಯೋದು ಕನ್ನಡವನ್ನ. ‘ಯಾವ ಭಾಷೆ ಬಂದರೂ ಸರಿ’ ಅನ್ನಿ, ಒಂದೇ ಪ್ರಾಣಿಯ ಕನ್ನಡ, ತೆಲುಗು ಹೆಸರು ಎರಡೂ ಬಂದರೆ ಒಂದೇ ಲೆಕ್ಕ.

ಅಂತರಗಂಗೆ (ಕೋಲಾರ)
ನೂರಕ್ಕೆ ನೂರು ಸರಿ. ಅಂಕ ಹಾಕುವಾಗ ಓದಿನ ಮಟ್ಟ ನೋಡಲೇಬೇಕು.

ಮುದ್ದೆ ಕೋಲು (ಗೌರಿಬಿದನೂರು)
ಆಕ್ಯುಪೇಶನಲ್ ಥೆರಪಿ (ದಿನದ ಕೆಲಸಗಳನ್ನ ಮತ್ತೆ ರೂಢಿ ಮಾಡಿಸೋ ಚಿಕಿತ್ಸೆ) ಕಡೆಯಿಂದ. ಮೇಜಿನ ಪರೀಕ್ಷೆಯಲ್ಲಿ ಪಾಸಾಗಿ ಮನೇಲಿ ಫೇಲಾಗೋರು ಬಹಳ ಜನ. ಕಾರಣ ಇಷ್ಟೇ: ಪರೀಕ್ಷೆ ಕೋಣೆಯಲ್ಲಿ ಯಾವಾಗ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಪರೀಕ್ಷಕರೇ ಹೇಳ್ತಿರ್ತಾರೆ. ರೋಗಿಯ ಪ್ರೀಫ್ರಂಟಲ್ ಕೆಲಸವನ್ನ ನಾವೇ ಮಾಡಿಕೊಡ್ತಿರ್ತೀವಿ. ಹಾಗಾಗಿ ಅಡುಗೆಮನೆಗೆ ಕರ್ಕೊಂಡು ಹೋಗಿ.

ಅಡುಗೆ ಬಲ್ಲವರಾದರೆ ಮುದ್ದೆ, ಸೊಪ್ಪಿನ ಸಾರು ಒಟ್ಟಿಗೆ ಮಾಡಿಸಿ. ಮೊದಲು ಬಾಯಲ್ಲಿ ಕ್ರಮ ಹೇಳಿಸಿ: ಎರಡು ಲೋಟ ನೀರು, ಉಪ್ಪು, ಒಂದು ಚಮಚ ಹಿಟ್ಟು ಕದಡಿ ಹಾಕೋದು, ಕುದಿ ಬಂದಮೇಲೆ ಒಂದು ಲೋಟ ಹಿಟ್ಟು ಗುಡ್ಡೆಯಾಗಿ ಸುರಿಯೋದು, ಕೈಯಾಡಿಸದೆ ಸಣ್ಣ ಉರೀಲಿ ಬೇಯೋಕೆ ಬಿಡೋದು, ಕೋಲಲ್ಲಿ ಗಂಟಿಲ್ಲದ ಹಾಗೆ ತಿರುವೋದು, ಕಟ್ಟೋದು. ಬಹುತೇಕರು ತಪ್ಪಿಲ್ಲದೆ ಹೇಳ್ತಾರೆ. ಈಗ ಮಾಡಲಿ, ನೀವು ಬಾಯಿ ಬಿಡಬೇಡಿ.

ಕುದಿ ಬರೋ ತನಕ ಕಾಯೋದಕ್ಕೆ ಆಗದೆ ತಣ್ಣೀರಿಗೇ ಹಿಟ್ಟು ಸುರಿದರೆ ತಡೆಯ ತೊಂದರೆ. ಗಂಟೆಲ್ಲ ಒಡೆದು ನುಣ್ಣಗಾದ ಮೇಲೂ ತಿರುವುತ್ತಲೇ ಇದ್ದರೆ ಹಿಡಿದದ್ದನ್ನ ಬಿಡಲಾಗದ ತೊಂದರೆ. ಪಕ್ಕದ ಒಲೆಯಲ್ಲಿ ಸಾರು ಉಕ್ಕೋದು ಕಣ್ಣಿಗೆ ಕಾಣ್ತಿದೆ, ‘ಉಕ್ಕುತ್ತಿದೆ’ ಅಂತ ಬಾಯಲ್ಲೂ ಹೇಳ್ತಾರೆ, ಉರಿ ತಗ್ಗಿಸೋಕೆ ಕೈ ಹೋಗೋದಿಲ್ಲ ಅಂದ್ರೆ ಎರಡು ಕೆಲಸ ಒಟ್ಟಿಗೆ ಹಿಡಿಯೋ ತೊಂದರೆ. ನೀರಿಟ್ಟು ಒಲೆ ಹಚ್ಚದೆ ನಿಂತರೆ ಶುರು ಮಾಡೋ ತೊಂದರೆ. ಸೌಟು ಕಣ್ಣಿಗೆ ಬಿತ್ತು ಅಂತ ಕಾರಣವಿಲ್ಲದೆ ಎತ್ತಿಕೊಂಡು ಕಲಕೋದು ಇನ್ನೊಂದು ಥರ. ಫ್ರಾನ್ಸಿನ ಲೆರ್ಮಿಟ್ 1983ರಲ್ಲಿ ವಿವರಿಸಿದ್ದು ಇದನ್ನ. ಕನ್ನಡಕ ಕೊಟ್ಟರೆ ಹಾಕ್ಕೊಳ್ತಾರೆ, ಇನ್ನೊಂದು ಕೊಟ್ಟರೆ ಅದರ ಮೇಲೇ ಹಾಕ್ಕೊಳ್ತಾರೆ.

ಅಡುಗೆ ಗೊತ್ತಿಲ್ಲದವರಿಗೆ ಅವರದೇ ಕಸುಬು. ಶಿಡ್ಲಘಟ್ಟದ ರೀಲರ್ ಆದರೆ ಗೂಡು ಬೇಯಿಸಿ ಎಳೆ ತೆಗೆಯೋದು, ಕೋಲಾರದ ಟೊಮೆಟೊ ಮಂಡಿಯವರಾದರೆ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಮೂರು ರೈತರ ಚೀಟಿ ಒಟ್ಟಿಗೆ ಬರೆಯೋದು.

ಸಿರಾ ಹೈವೇ
ಇದೆಲ್ಲ ಸರಿ. ಆದ್ರೆ ‘ಸರಿಯಾಗಿ ಹೇಳ್ತಾರೆ, ಮಾಡೋದಿಲ್ಲ’ ಅಂದ್ರೆ ಬೇಕಂತಲೇ ಮಾಡ್ತಿಲ್ಲ ಅಂತ ತಾನೇ ಯಾರಿಗಾದರೂ ಅನ್ನಿಸೋದು? ಸಾಲ ಮಾಡಬಾರದು ಅಂತ ಗೊತ್ತು, ಆದರೂ ಮಾಡ್ತಾರೆ. ಕೊಬ್ಬು ಅಂದವರದೇನು ತಪ್ಪು?

ನಂದಿ ತಪ್ಪಲು (ಚಿಕ್ಕಬಳ್ಳಾಪುರ)
ಈ ಗಾಯ ಕೆಡಿಸೋದು ತಿಳಿವಳಿಕೆಯನ್ನಲ್ಲ, ತಿಳಿದದ್ದು ನಡತೆಗೆ ಇಳಿಯೋ ದಾರಿಯನ್ನ. 1985ರಲ್ಲಿ ಎಸ್ಲಿಂಗರ್, ಡಮಾಸಿಯೊ ವರದಿ ಮಾಡಿದ ‘ಇವಿಆರ್’ ಅನ್ನೋ ರೋಗಿ ಇದಕ್ಕೆ ಸಾಕ್ಷಿ. ಗೆಡ್ಡೆ ತೆಗೆದಾಗ ಹಣೆ ಭಾಗದ ಮೆದುಳು ಹೋಯ್ತು. ಬುದ್ಧಿ ಪರೀಕ್ಷೆಯಲ್ಲಿ ಸರಾಸರಿಗಿಂತ ಮೇಲೆ. ನೀತಿಯ ಪ್ರಶ್ನೆ ಕೇಳಿದರೂ ಸರಿಯಾದ ಉತ್ತರ. ಬದುಕಿನಲ್ಲಿ ವ್ಯಾಪಾರ ಮುಳುಗಿ ದಿವಾಳಿ, ಸಂಸಾರ ಒಡೀತು, ಯಾವ ಹೋಟೆಲಲ್ಲಿ ಊಟ ಮಾಡೋದು ಅಂತ ತೀರ್ಮಾನಿಸೋಕೆ ಗಂಟೆಗಟ್ಟಲೆ ಬೇಕು.

ಅಯೋವಾ ಗ್ಯಾಂಬ್ಲಿಂಗ್ ಪರೀಕ್ಷೆ, 1994ರದು, ಇದನ್ನ ಇನ್ನೂ ಸ್ಪಷ್ಟ ಮಾಡುತ್ತೆ. ನಾಲ್ಕು ಕಟ್ಟು ಇಸ್ಪೀಟ್ ಎಲೆ. ಎರಡರಲ್ಲಿ ಪ್ರತಿ ಎಲೆಗೆ 100 ಡಾಲರ್ ಲಾಭ, ಆದರೆ ನಡುನಡುವೆ ಭಾರೀ ದಂಡ. ಹತ್ತು ಎಲೆಗೆ ಒಟ್ಟು 250 ನಷ್ಟ. ಇನ್ನೆರಡರಲ್ಲಿ ಎಲೆಗೆ ಬರೀ 50, ದಂಡ ಸಣ್ಣದು, ಹತ್ತು ಎಲೆಗೆ 250 ಉಳಿತಾಯ. ಸಾಮಾನ್ಯರು ಸ್ವಲ್ಪ ಹೊತ್ತಿಗೆ 50ರ ಕಟ್ಟಿಗೆ ಹೊರಳ್ತಾರೆ, ಕೆಟ್ಟ ಕಟ್ಟಿಗೆ ಕೈ ಚಾಚುವ ಮೊದಲೇ ಅಂಗೈ ಬೆವರುತ್ತೆ. ವೆಂಟ್ರೊಮೀಡಿಯಲ್ ಭಾಗ (ಹಣೆ ಹಿಂದಿನ ಮೆದುಳಿನ ತಳ, ಒಳಬದಿ) ಕೆಟ್ಟವರು 100ರ ಕಟ್ಟು ಬಿಡೋದಿಲ್ಲ. ‘ಇದು ಕೆಟ್ಟ ಕಟ್ಟು’ ಅಂತ ಬಾಯಲ್ಲಿ ಹೇಳಬಲ್ಲವರೂ ಬಿಡೋದಿಲ್ಲ. ಆ ಬೆವರು ಅವರಿಗೆ ಬರೋದಿಲ್ಲ. ಇಂಥವರಿಗೆ ಬುದ್ಧಿವಾದ ಹೇಳಿದರೆ ತಲೆಯಾಡಿಸ್ತಾರೆ, ಸಂಜೆ ಮತ್ತೆ ಸಾಲ ತರ್ತಾರೆ. ಕೊಬ್ಬು ಅಂತ ಬೈದರೆ ಅವರಿಗೂ ಉಪಯೋಗವಿಲ್ಲ, ನಿಮಗೂ ಇಲ್ಲ.

ಸಿರಾ ಹೈವೇ
ಬೆವರಿನ ವಿಷಯ ಗೊತ್ತಿರಲಿಲ್ಲ. ಹಾಗಾದ್ರೆ ಬುದ್ಧಿವಾದದ ಬದಲು ಏನು ಮಾಡಬೇಕು?

ಮುದ್ದೆ ಕೋಲು (ಗೌರಿಬಿದನೂರು)
ಒಳಗಿಲ್ಲದ ಕ್ರಮವನ್ನ ಹೊರಗೆ ಕಟ್ಟಿಕೊಡಬೇಕು. ಸುಮ್ಮನೆ ಕೂರುವವರಿಗೆ ‘ಏನಾದ್ರೂ ಮಾಡು’ ಅನ್ನಬೇಡಿ. ‘ಏಳಿ’, ಎದ್ದ ಮೇಲೆ ‘ಬಿಂದಿಗೆ ತಗೊಳ್ಳಿ’, ಆಮೇಲೆ ‘ನಲ್ಲಿ ಹತ್ರ ಬನ್ನಿ’. ಒಂದು ಸಲಕ್ಕೆ ಒಂದೇ ಮಾತು. ಶುರುವಾದರೆ ಮುಂದುವರಿಸ್ತಾರೆ. ಏಳೋದು, ಸ್ನಾನ, ಊಟ, ನಡಿಗೆ ದಿನವೂ ಅದೇ ಹೊತ್ತಿಗೆ. ಗೋಡೆ ಮೇಲೆ ಪಟ್ಟಿ, ಓದು ಬರದವರಿಗೆ ಚಿತ್ರ, ಮೊಬೈಲಲ್ಲಿ ಮನೆಯವರ ದನಿಯ ಅಲಾರಂ.

ಸಿಟ್ಟಿನವರಿಗೆ: ಸಿಟ್ಟು ಬರೋ ಹೊತ್ತನ್ನ ಒಂದು ವಾರ ಬರೆದಿಡಿ. ಹಸಿವು, ದಣಿವು, ಟಿವಿ ಮತ್ತು ಮಕ್ಕಳ ಗದ್ದಲ ಒಟ್ಟಿಗೆ, ಇವೇ ಹೆಚ್ಚು. ಸಿಟ್ಟು ಏರಿದಾಗ ವಾದಕ್ಕಿಳಿಯಬೇಡಿ, ಹತ್ತು ಹದಿನೈದು ನಿಮಿಷ ಆ ಕೋಣೆಯಿಂದ ಹೊರಗೆ ಬನ್ನಿ, ವಾಪಸ್ ಬಂದು ಬೇರೆ ವಿಷಯ ಎತ್ತಿ. ತಿದ್ದೋದಾದರೆ ಆ ಕ್ಷಣವೇ, ಒಂದೇ ಸಾಲಲ್ಲಿ, ದನಿ ಏರಿಸದೆ.

ಬೈಕ್ ಕೀ ಮನೆಯವರ ಹತ್ರ ಇರಲಿ. ಕುಡಿತ ಪೂರ್ತಿ ಬಂದ್, ಅದು ತಡೆಯನ್ನೂ ಕೆಡಿಸುತ್ತೆ, ಫಿಟ್ಸನ್ನೂ ಕರೆಯುತ್ತೆ.

ಸಿದ್ದರಬೆಟ್ಟ
ಜಗಲಿ ಮೇಲೆ ಕೂರೋದನ್ನ ಡಿಪ್ರೆಶನ್ ಅಂತ ಮಾತ್ರೆ ಶುರು ಮಾಡೋದೂ ಇದೆ. ವ್ಯತ್ಯಾಸ ಕೇಳಿ ತಿಳಿಯಬಹುದು. ಖಿನ್ನತೆಯವರು ದುಃಖ, ಕೈಲಾಗದ ಬೇಸರ, ಸಾಯೋ ಯೋಚನೆ ಹೇಳ್ತಾರೆ. ಇವರನ್ನ ಕೇಳಿದರೆ ‘ಚೆನ್ನಾಗಿದ್ದೀನಿ’ ಅಂತಾರೆ, ನಿಜವಾಗಲೂ ಸಂಕಟ ಇರೋದಿಲ್ಲ, ಸಂಕಟವೆಲ್ಲ ಮನೆಯವರಿಗೆ. ಎರಡೂ ಒಟ್ಟಿಗೂ ಇರಬಹುದು. ತಮಗೆ ತೊಂದರೆ ಇದೆ ಅನ್ನೋದೇ ಹಲವರಿಗೆ ಅರಿವಿರೋದಿಲ್ಲ, ಆದ್ದರಿಂದ ಮನೆಯವರನ್ನ ಬೇರೆ ಕೂರಿಸಿ ಕೇಳದೆ ಏನೂ ಬರೆದುಕೊಳ್ಳಬಾರದು.

ಮಧುಗಿರಿ ಏಕಶಿಲೆ
ಮಾತ್ರೆಯಿಂದ ಗುಣ ಆಗೋದಾದರೆ ಇಷ್ಟೆಲ್ಲ ಯಾಕೆ? ಅಮಾಂಟಡೀನ್ ಕೊಟ್ಟರೆ ಚುರುಕಾಗ್ತಾರೆ ಅಂತ 2012ರ ಅಧ್ಯಯನವೇ ಇದೆ.

ತಿಪಟೂರು ತೆಂಗು
ಆ ಅಧ್ಯಯನ ಆದದ್ದು ಪೂರ್ತಿ ಎಚ್ಚರವೇ ಬಾರದ 184 ರೋಗಿಗಳಲ್ಲಿ, ನಾಲ್ಕು ವಾರದ ಚಿಕಿತ್ಸೆ. ಜಗಲಿ ಮೇಲೆ ಕೂತವರಿಗೆ ಅದನ್ನ ಹಾಗೇ ಅನ್ವಯಿಸೋಕೆ ಬರೋದಿಲ್ಲ. ವೈದ್ಯರು ನೋಡಿ ಕೊಟ್ಟರೆ ಸರಿ, ಅಂಗಡೀಲಿ ಕೇಳಿ ತರೋದಲ್ಲ.

ಮಾತ್ರೆ ಬಗ್ಗೆ ಕರಪತ್ರದಲ್ಲಿ ಇರಲೇಬೇಕಾದ ವಿಷಯ ಬೇರೆ. ತಲೆಪೆಟ್ಟಿನವರಿಗೆ ಫಿಟ್ಸ್ ತಡೆಯೋಕೆ ಲೆವೆಟಿರಾಸೆಟಮ್ ಕೊಡೋದು ವಾಡಿಕೆ. ಅದರ ಅಡ್ಡಪರಿಣಾಮವೇ ಸಿಡುಕು, ಸಿಟ್ಟು. ಮೆದುಳಿನ ಗಾಯದ ಸಿಟ್ಟೋ, ಮಾತ್ರೆಯ ಸಿಟ್ಟೋ ನೋಡಬೇಕು. ಮಾತ್ರೆ ಶುರುವಾದ ಮೇಲೆ ಅಥವಾ ಡೋಸ್ ಏರಿದ ಮೇಲೆ ಹೆಚ್ಚಾಯ್ತಾ ಅಂತ ದಿನಾಂಕ ಸಮೇತ ವೈದ್ಯರಿಗೆ ಹೇಳಿ. ತಾವಾಗಿ ನಿಲ್ಲಿಸಬಾರದು, ತಟ್ಟನೆ ನಿಂತರೆ ಫಿಟ್ಸ್ ಬರಬಹುದು. ಗಲಾಟೆ ತಗ್ಗಿಸೋಕೆ ಡಯಜೆಪಾಮ್ ಥರದವನ್ನ ಕೊಟ್ಟರೆ ಕೆಲವರಲ್ಲಿ ಇರುವ ಅಷ್ಟಿಷ್ಟು ತಡೆಯೂ ಹೋಗಿ ಗಲಾಟೆ ಏರುತ್ತೆ. ಇದನ್ನೂ ಕೇಳಿಕೊಳ್ಳಿ.

ಮುಳಬಾಗಿಲು ಗಡಿ
ಪೆಟ್ಟೇ ಬೀಳದೆ ಇದೇ ಲಕ್ಷಣ ಬಂದರೆ? 50-60 ವಯಸ್ಸಿನವರು, ನೆನಪು ಚೆನ್ನಾಗಿದೆ, ನಾಚಿಕೆ ಮಾತ್ರ ಹೋಗಿದೆ, ಸಿಹಿ ಕಂಡರೆ ಬಿಡೋದಿಲ್ಲ, ಒಂದೇ ಮಾತು, ಒಂದೇ ದಾರಿ. ಅಂಥ ಕಡೆ ಫ್ರಂಟೋಟೆಂಪೊರಲ್ ಡಿಮೆನ್ಶಿಯಾ (ಮೆದುಳಿನ ಮುಂಭಾಗ, ಕಿವಿ ಬದಿ ನಿಧಾನಕ್ಕೆ ಸವೆಯೋ ಕಾಯಿಲೆ) ನೆನಪಿರಲಿ. ವಾಸನೆ ಹೋಗಿ ನಿಧಾನಕ್ಕೆ ಸ್ವಭಾವ ಬದಲಾದರೆ ಅಲ್ಲೇ ತಳದಲ್ಲಿ ಬೆಳೆಯೋ ಮೆನಿಂಜಿಯೋಮಾ ಗೆಡ್ಡೆ ಇರಬಹುದು, ತೆಗೆದರೆ ಎಷ್ಟೋ ಸುಧಾರಿಸುತ್ತೆ. ಸ್ಕ್ಯಾನ್ ಮಾಡಿಸದೆ ‘ವಯಸ್ಸಾಯ್ತು’ ಅಂತ ಬಿಡಬಾರದು.

ಕೈವಾರ ದಾರಿ
ಮಕ್ಕಳಿಗೆ ಪೆಟ್ಟಾದರೆ ಬೇಗ ಗುಣ ಆಗುತ್ತೆ ಅಂತಾರಲ್ಲ?

ಅಂತರಗಂಗೆ (ಕೋಲಾರ)
ಈ ಭಾಗದ ಮಟ್ಟಿಗೆ ಅದು ಮೋಸದ ಮಾತು. ಪ್ರೀಫ್ರಂಟಲ್ ಪೂರ್ತಿ ಬಲಿಯೋದು 20 ದಾಟಿದ ಮೇಲೆ. ಮೂರು ವರ್ಷದ ಮಗುವಿಂದ ಯಾರೂ ಯೋಜನೆ, ಸಂಯಮ ಕೇಳೋದಿಲ್ಲ, ಹಾಗಾಗಿ ಕೊರತೆ ಕಾಣೋದಿಲ್ಲ. ಹೈಸ್ಕೂಲಿಗೆ ಬಂದಾಗ ಕಾಣುತ್ತೆ, ಅಷ್ಟರಲ್ಲಿ ಹಳೇ ಪೆಟ್ಟು ಎಲ್ಲರಿಗೂ ಮರೆತಿರುತ್ತೆ. 16 ತಿಂಗಳಾಗುವ ಮೊದಲೇ ಈ ಭಾಗ ಕೆಟ್ಟಿದ್ದ ಇಬ್ಬರ ವಿಷಯ 1999ರಲ್ಲಿ ಪ್ರಕಟವಾಯ್ತು. ದೊಡ್ಡವರಾದ ಮೇಲೆ ಪೆಟ್ಟು ತಿಂದವರು ಸರಿತಪ್ಪು ಬಾಯಲ್ಲಾದರೂ ಹೇಳ್ತಾರೆ. ಇವರಿಬ್ಬರಿಗೆ ಅದನ್ನ ಕಲಿಯೋದೇ ಆಗಿರಲಿಲ್ಲ. ಡಿಸ್ಚಾರ್ಜ್ ಸಮ್ಮರಿ ಜೋಪಾನವಾಗಿ ಇಟ್ಟಿರಿ, ಶಾಲೆಯವರಿಗೂ ತಿಳಿಸಿ.

ವಕೀಲರ ಕಟ್ಟೆ (ತುಮಕೂರು)
ಅಪಘಾತ ಪರಿಹಾರದ ಕೇಸಲ್ಲಿ ಇಂಥವರಿಗೇ ಅನ್ಯಾಯ ಹೆಚ್ಚು. ಕೈಕಾಲು ಸರಿ ಇದ್ದರೆ ಅಂಗವೈಕಲ್ಯ ಶೂನ್ಯ ಅಂತ ಬರೆದುಬಿಡ್ತಾರೆ. ಶೇಕಡಾವಾರು ಅಂಗವೈಕಲ್ಯವೇ ಬೇರೆ, ಅದರಿಂದ ದುಡಿಮೆಗಾದ ನಷ್ಟವೇ ಬೇರೆ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಸ್ಪಷ್ಟವಾಗಿ ಹೇಳಿದೆ. ನ್ಯೂರೋಸೈಕಾಲಜಿ (ಮೆದುಳಿನ ಕೆಲಸ ಅಳೆಯೋ ಮನಃಶಾಸ್ತ್ರ ಪರೀಕ್ಷೆಗಳ) ವರದಿ ಮಾಡಿಸದೆ ರಾಜಿಗೆ ಸಹಿ ಹಾಕಬೇಡಿ. ಹಾಗಂತ ಅರ್ಜಿ ಹಾಕೋದನ್ನ ತಡ ಮಾಡಬೇಡಿ, ಈಗ ಅಪಘಾತದಿಂದ ಆರು ತಿಂಗಳ ಗಡುವಿದೆ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ವಿಭಾಗಗಳಲ್ಲಿ ತಲೆಪೆಟ್ಟು ಅಂತ ಬೇರೆ ಇಲ್ಲ. ಮನೋವೈದ್ಯರ ರೋಗನಿರ್ಣಯ ಇದ್ದರೆ ಮಾನಸಿಕ ಅಸ್ವಸ್ಥತೆ ವಿಭಾಗದಲ್ಲಿ ಐಡಿಯಾಸ್ ಮಾಪಕದಿಂದ ಅಳೆಸಬಹುದು. ಬಹುತೇಕ ಸೌಲಭ್ಯಗಳಿಗೆ ಶೇ 40 ಬೇಕು.

ಅಮಾನಿಕೆರೆ (ತುಮಕೂರು)
ಎಲ್ಲರಿಗೂ ವಂದನೆ. ಎರಡು ಪುಟ ಸಾಲದು, ನಾಲ್ಕಾಗುತ್ತೆ. ಎಲ್ಲಿಗೆ ಹೋಗಬೇಕು ಅನ್ನೋದನ್ನೂ ಹೇಳಿ. ಎಲ್ಲರನ್ನೂ ನಿಮ್ಹಾನ್ಸ್‌ಗೇ ಹೋಗಿ ಅನ್ನೋಕಾಗೋದಿಲ್ಲ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)
ಪೂರ್ತಿ ನ್ಯೂರೋಸೈಕಾಲಜಿ ಪರೀಕ್ಷೆಗೆ ಒಮ್ಮೆಯಾದರೂ ನಿಮ್ಹಾನ್ಸ್ ಬೇಕಾಗುತ್ತೆ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಕರ್ನಾಟಕ ಮೆದುಳು ಆರೋಗ್ಯ ಯೋಜನೆಯ ಕ್ಲಿನಿಕ್ ಜಿಲ್ಲಾಸ್ಪತ್ರೆಯಲ್ಲೇ ಇದೆ, 2022ರಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದೇ ಈ ಎರಡು ಜಿಲ್ಲೆ ಮತ್ತು ಬೆಂಗಳೂರಿನ ಜಯನಗರದಲ್ಲಿ. ತುಮಕೂರಿನವರಿಗೆ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ತಾಲ್ಲೂಕುಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್. ಫೋನಲ್ಲಿ ಕೇಳೋಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416, ಕನ್ನಡದಲ್ಲೇ ಮಾತಾಡ್ತಾರೆ. ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ಫಿಲ್ಮ್, ಮಾತ್ರೆ ಚೀಟಿ, ಸಿಟ್ಟಿನ ಒಂದು ವಾರದ ಬರಹ, ಜೊತೆಗೆ ದಿನವೂ ರೋಗಿಯ ಒಟ್ಟಿಗಿರೋ ಒಬ್ಬರು.

ಸಿರಾ ಹೈವೇ
ಎಷ್ಟು ದಿನಕ್ಕೆ ಸುಧಾರಿಸುತ್ತೆ ಅಂತ ಕೇಳೇ ಕೇಳ್ತಾರೆ. ಅದಕ್ಕೇನು ಬರೆಯೋದು?

ಅಂತರಗಂಗೆ (ಕೋಲಾರ)
ಮೊದಲ ಆರು ತಿಂಗಳು ಸುಧಾರಣೆ ವೇಗ, ಎರಡು ವರ್ಷದವರೆಗೂ, ಕೆಲವರಲ್ಲಿ ಆಮೇಲೂ ನಿಧಾನಕ್ಕೆ ಮುಂದುವರಿಯುತ್ತೆ. ದಿನಾಂಕ ಬರೆದು ಮಾತು ಕೊಡಬೇಡಿ. ಆರು ತಿಂಗಳಿಗೊಮ್ಮೆ ಅದೇ ಪರೀಕ್ಷೆ, ಅದೇ ಅಡುಗೆಮನೆ ಕೆಲಸ ಮತ್ತೆ ಮಾಡಿಸಿ ನೋಡಿ ಅಂತ ಬರೀರಿ.